ಬಿ.ಇಡಿ. ಕ್ಲಾಸಿನಲ್ಲಿ ನಿಮ್ಮ ಕಥೆ ಯಾಕೆ ಕೇಳ್ತಾರೆ?

ಪಕ್ಕದ ಮನೆಯ ಹುಡುಗಿ ಈ ವರ್ಷ ಬಿ.ಇಡಿ. ಸೇರಿದ್ದಾಳೆ. ಮೊನ್ನೆ ಅವಳ ತಂದೆ ಗೇಟಿನ ಹತ್ತಿರ ಸಿಕ್ಕವರು, "ಏನ್ ಸಾರ್ ಇದು, ಪಾಠ ಮಾಡೋದು ಕಲಿಸ್ತಾರೆ ಅಂತ ಫೀಸು ಕಟ್ಟಿದ್ರೆ, ನಿನ್ನ ಕಥೆ ಬರ್ಕೊಂಡು ಬಾ ಅಂತಾರಂತೆ" ಎಂದರು. ಮಗಳ ಗೋಳು ಬೇರೆ. "ನನ್ನ ಹತ್ರ ಕಥೆನೇ ಇಲ್ಲ ಅಂಕಲ್. ಶಾಲೆಗೆ ಹೋದೆ, ಬಂದೆ, ಅಷ್ಟೇ. ಯಾರೂ ಹೊಡೀಲಿಲ್ಲ, ಯಾರೂ ಹೊಗಳಲಿಲ್ಲ."

ನಾನು ಕೆಲವು ವರ್ಷ ಶಿಕ್ಷಕರ ತರಬೇತಿಯ ಕೆಲಸದಲ್ಲಿದ್ದವನು. ಈ ಕಥೆ ಬರೆಸುವ ಕೆಲಸವನ್ನು ಮಾಡಿಸಿದ್ದೇನೆ. ಕೆಲವು ಸಲ ಕೆಡಿಸಿಯೂ ಇದ್ದೇನೆ. ಅಪ್ಪ ಮಗಳು ಇಬ್ಬರ ಪ್ರಶ್ನೆಯೂ ಸರಿಯಾದದ್ದೇ. ಮೇಷ್ಟ್ರಾಗೋಕೆ ಹೊರಟವರ ಬಾಲ್ಯ ಕಟ್ಟಿಕೊಂಡು ಕಾಲೇಜಿಗೆ ಏನಾಗಬೇಕು?

ಇದು ಎಲ್ಲಿಂದ ಬಂತು?

ಶಿಕ್ಷಕರ ಕೋರ್ಸುಗಳಿಗೆ ನಿಯಮ ಮಾಡುವುದು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು, ಎಲ್ಲರ ಬಾಯಲ್ಲಿ ಎನ್‌ಸಿಟಿಇ. ಅದು 2014ರಲ್ಲಿ ಹೊಸ ನಿಯಮಗಳನ್ನು ತಂದಿತು. ಒಂದು ವರ್ಷದ ಬಿ.ಇಡಿ. ಎರಡು ವರ್ಷವಾಗಿದ್ದು ಆಗಲೇ. ಶಾಲೆಗಳಲ್ಲಿ ಕಳೆಯಬೇಕಾದ ಸಮಯ 20 ವಾರಕ್ಕೆ ಏರಿತು. ಅದರ ಜೊತೆಗೇ ಪಠ್ಯಕ್ರಮದಲ್ಲಿ 'ತನ್ನನ್ನು ತಾನು ಅರಿಯುವುದು' ಎಂಬ ಅರ್ಥದ ಒಂದು ಹೊಸ ಭಾಗವೂ ಸೇರಿತು. ಓದು, ನಾಟಕ ಮತ್ತು ಕಲೆ, ಕಂಪ್ಯೂಟರ್ ಬಳಕೆ ಇವುಗಳ ಸಾಲಿನಲ್ಲಿ ಕೂತಿರುವ ನಾಲ್ಕನೆಯದು ಇದು. ಸ್ವಂತ ಕಥೆ ಬರೆಸುವುದು ಹೆಚ್ಚಾಗಿ ಇದರಡಿಯಲ್ಲೇ ನಡೆಯುತ್ತದೆ.

ಕಲ್ಪನೆ ಮಾತ್ರ ಇದಕ್ಕಿಂತ ಹಳೆಯದು. ಅಮೆರಿಕದ ಶಿಕ್ಷಣ ಚಿಂತಕ ಜಾನ್ ಡ್ಯೂಯಿ 1938ರಲ್ಲೇ ಒಂದು ಎಚ್ಚರಿಕೆ ಕೊಟ್ಟಿದ್ದ: ಕಲಿಕೆ ಅನುಭವದಿಂದ ಬರುತ್ತದೆ ನಿಜ, ಹಾಗಂತ ಎಲ್ಲ ಅನುಭವವೂ ಒಳ್ಳೆಯದನ್ನೇ ಕಲಿಸುವುದಿಲ್ಲ. ಕೆಲವು ಅನುಭವ ಮುಂದಿನ ಕಲಿಕೆಗೇ ಕಲ್ಲು ಹಾಕುತ್ತವೆ. ಹಾಗಾಗಿ ನಡೆದದ್ದನ್ನು ಮತ್ತೆ ತಿರುವಿ ನೋಡಬೇಕು.

'ಸ್ವಂತ ಕಥೆ' ಅಂದರೆ ಯಾವುದು?

ಇಲ್ಲೇ ಜಾಸ್ತಿ ಜನ ಎಡವುತ್ತಾರೆ. ಕಥೆ ಎಂದ ಕೂಡಲೇ ಆತ್ಮಕಥೆ ಎಂದುಕೊಳ್ಳುತ್ತಾರೆ. "ನಾನು ಇಂಥ ಊರಿನಲ್ಲಿ ಇಂಥ ದಿನ ಜನಿಸಿದೆನು" ಎಂದು ಶುರುವಾಗಿ ಪಿಯುಸಿ ಪರ್ಸೆಂಟೇಜಿನವರೆಗೆ ಸಾಗುವ ನಾಲ್ಕು ಪುಟ. ಅದು ಬಯೋಡೇಟಾ, ಸ್ವಲ್ಪ ಉದ್ದದ್ದು.

ಇಲ್ಲಿ ಬೇಕಾಗಿರುವುದು ಸಣ್ಣ ವಸ್ತು. ಕಲಿಕೆಗೆ ಸಂಬಂಧಪಟ್ಟ ಒಂದು ಘಟನೆ. ಒಂದು ಪೀರಿಯಡ್, ಒಂದು ಪ್ರಶ್ನೆ, ಒಂದು ಏಟು, ಒಂದು ನಗು. ಅದು ಎಲ್ಲಿ ನಡೆಯಿತು, ಯಾರಿದ್ದರು, ಏನೆಂದರು, ನಿಮಗೆ ಏನನ್ನಿಸಿತು ಎಂಬಷ್ಟು. ಮಕ್ಕಳಿಗೆ ಹೇಳುವ ಕಾಗಕ್ಕ ಗುಬ್ಬಕ್ಕನ ಕಥೆಗೂ ಇದಕ್ಕೂ ಸಂಬಂಧವಿಲ್ಲ. ಕಥೆ ಹೇಳಿ ಪಾಠ ಮಾಡುವುದು ಬೇರೆ ಕಸುಬು, ತನ್ನ ಕಥೆಯನ್ನು ಬಿಚ್ಚಿ ನೋಡಿ ಮೇಷ್ಟ್ರಾಗುವುದು ಬೇರೆ ಕಸುಬು.

ಚೌಕಿ ನೋಡದ ಪ್ರೇಕ್ಷಕರು

ಒಂದು ಲೆಕ್ಕ ಹಾಕೋಣ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿವರೆಗೆ ವರ್ಷಕ್ಕೆ ಕನಿಷ್ಠ 800 ಗಂಟೆ ಪಾಠ ನಡೆಯಬೇಕು. ಆರರಿಂದ ಎಂಟರವರೆಗೆ 1000 ಗಂಟೆ. ಅಂದರೆ ಎಂಟನೇ ತರಗತಿ ಮುಗಿಯುವಷ್ಟರಲ್ಲಿ 7000 ಗಂಟೆ. ಹೈಸ್ಕೂಲು, ಪಿಯುಸಿ ಸೇರಿಸಿದರೆ ಹತ್ತು ಸಾವಿರ ದಾಟುತ್ತದೆ. ಇಷ್ಟು ಹೊತ್ತು ಒಂದು ಮಗು ಮೇಷ್ಟ್ರುಗಳನ್ನು ನೋಡುತ್ತಾ ಕೂತಿರುತ್ತದೆ.

ಈಗ ಬಿ.ಇಡಿ.ಯ 20 ವಾರ ತೆಗೆದುಕೊಳ್ಳಿ. ವಾರಕ್ಕೆ 30 ಗಂಟೆ ಎಂದರೂ ಸಿಗುವುದು 600 ಗಂಟೆ. ಹತ್ತು ಸಾವಿರದ ಎದುರು ಆರುನೂರು! ಯಾವುದು ಗೆಲ್ಲುತ್ತದೆ, ಹೇಳಿ.

ಡ್ಯಾನ್ ಲಾರ್ಟಿ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ 1975ರಲ್ಲಿ ಇದೇ ಮಾತನ್ನು ಹೇಳಿದ. ಅವನ ಲೆಕ್ಕದಲ್ಲಿ ಅಲ್ಲಿನ ವಿದ್ಯಾರ್ಥಿ ಹೈಸ್ಕೂಲು ಮುಗಿಸುವಾಗ ಸುಮಾರು 13,000 ಗಂಟೆ ಶಿಕ್ಷಕರ ಎದುರು ಕಳೆದಿರುತ್ತಾನೆ. ಇದನ್ನು ಅವನು ಒಂದು ಬಗೆಯ ಶಿಷ್ಯವೃತ್ತಿ ಎಂದು ಕರೆದ, ನೋಡಿ ನೋಡಿಯೇ ಕಲಿಯುವ ಶಿಷ್ಯವೃತ್ತಿ. ಬಡಗಿ, ಅಕ್ಕಸಾಲಿ, ಟೈಲರ್ ಆಗುವವರಿಗೆ ಕೆಲಸಕ್ಕೆ ಸೇರಿದ ಮೇಲೆ ಶಿಷ್ಯವೃತ್ತಿ ಶುರು. ಮೇಷ್ಟ್ರಾಗುವವರಿಗೆ ಮಾತ್ರ ಆರನೇ ವರ್ಷಕ್ಕೇ ಶುರುವಾಗಿಬಿಟ್ಟಿರುತ್ತದೆ, ಅವರಿಗೇ ಗೊತ್ತಿಲ್ಲದೆ.

ಗೊತ್ತಿಲ್ಲದಿರುವುದೇ ತೊಂದರೆ. ಯಕ್ಷಗಾನ ನೋಡಲು ಹೋದವರು ರಂಗಸ್ಥಳವನ್ನು ನೋಡುತ್ತಾರೆ. ಚೌಕಿ, ಅಂದರೆ ವೇಷ ಕಟ್ಟುವ ಒಳಕೋಣೆ. ಅದರೊಳಗೆ ಬಣ್ಣ ಹಚ್ಚುವುದು, ಪ್ರಸಂಗದ ನಡೆ ಮಾತಾಡಿಕೊಳ್ಳುವುದು ಅವರಿಗೆ ಕಾಣುವುದಿಲ್ಲ. ವಿದ್ಯಾರ್ಥಿಯೂ ಹಾಗೆಯೇ. ಮೇಷ್ಟ್ರು ಬೆತ್ತ ಎತ್ತಿದ್ದು ಕಾಣುತ್ತದೆ. ಯಾಕೆ ಎತ್ತಿದರು, ಆಮೇಲೆ ಸ್ಟಾಫ್ ರೂಮಿನಲ್ಲಿ ಕೂತು ಏನು ಯೋಚಿಸಿದರು, ಬೇರೆ ದಾರಿ ಇತ್ತಾ ಎನ್ನುವುದು ಕಾಣುವುದಿಲ್ಲ. ನೂರು ಆಟ ನೋಡಿದವರು ಕುಣಿತದ ಒಂದೆರಡು ಹೆಜ್ಜೆ ಹಾಕಬಲ್ಲರು. ಇಡೀ ರಾತ್ರಿ ಆಟ ನಡೆಸು ಎಂದರೆ ಕಷ್ಟ.

ಕ್ಲಾಸಿನಲ್ಲಿ ಗಲಾಟೆ ಎದ್ದಾಗ, ಮಗು ತಪ್ಪು ಉತ್ತರ ಕೊಟ್ಟಾಗ ಹೊಸ ಶಿಕ್ಷಕಿಗೆ ಪುಸ್ತಕದ ಸಿದ್ಧಾಂತ ನೆನಪಾಗುವುದಿಲ್ಲ. ನಾಲ್ಕನೇ ಕ್ಲಾಸಿನ ಟೀಚರ್ ಹೇಗೆ ಗದರಿದ್ದರೋ ಹಾಗೇ ಬಾಯಿ ಗದರುತ್ತದೆ. ಸ್ವರವೂ ಅದೇ! ಕಥೆ ಬರೆಸುವ ಉದ್ದೇಶ ಇಷ್ಟೇ: ಒಳಗೆ ಕೂತು ಪಾಠ ಮಾಡುತ್ತಿರುವ ಆ ಹಳೆಯ ಟೀಚರನ್ನು ಹೊರಗೆ ಕರೆದು ಎದುರಿಗೆ ಕೂರಿಸಿಕೊಳ್ಳುವುದು.

ಒಂದು ಕಥೆಯನ್ನು ಬಿಚ್ಚಿ ನೋಡೋಣ

ಮಾತಿನಲ್ಲಿ ಹೇಳಿದರೆ ಇದು ಪೂರ್ತಿ ತಿಳಿಯುವುದಿಲ್ಲ. ಒಂದು ಉದಾಹರಣೆ ಕೊಡುತ್ತೇನೆ. ಇದು ಒಬ್ಬರದ್ದೇ ಕಥೆಯಲ್ಲ. ಬೇರೆ ಬೇರೆ ಬ್ಯಾಚುಗಳಲ್ಲಿ ಕೇಳಿದ ಇಂಥ ಮೂರ್ನಾಲ್ಕನ್ನು ಸೇರಿಸಿ ಹೊಲಿದಿದ್ದೇನೆ, ಯಾರ ಗುರುತೂ ಸಿಗಬಾರದಲ್ಲ.

ಒಬ್ಬಾಕೆ ಮೊದಲ ಸಲ ಬರೆದದ್ದು ಹೀಗಿತ್ತು:

"ನಾನು ಆರನೇ ತರಗತಿಯಲ್ಲಿದ್ದಾಗ ಗಣಿತದ ಮೇಷ್ಟ್ರು ಮೂರರಲ್ಲಿ ಒಂದು ದೊಡ್ಡದಾ, ನಾಲ್ಕರಲ್ಲಿ ಒಂದು ದೊಡ್ಡದಾ ಎಂದು ಕೇಳಿದರು. ನಾನು ನಾಲ್ಕರಲ್ಲಿ ಒಂದು ಎಂದೆ. ಕ್ಲಾಸೆಲ್ಲ ನಕ್ಕಿತು. ಮೇಷ್ಟ್ರು ಕಿವಿ ಹಿಂಡಿ ಬೆಂಚಿನ ಮೇಲೆ ನಿಲ್ಲಿಸಿದರು. ಬೆಲ್ ಹೊಡೆಯುವವರೆಗೂ ನಿಂತಿದ್ದೆ. ಅವತ್ತು ಅವರು ಹಾಗೆ ಮಾಡಿದ್ದಕ್ಕೇ ನನಗೆ ಇವತ್ತು ಲೆಕ್ಕ ಬರುತ್ತದೆ. ಅವರಿಗೆ ನಾನು ಚಿರಋಣಿ."

ಇಂಥ ಕಥೆಗಳು ಪ್ರತಿ ಬ್ಯಾಚಿನಲ್ಲೂ ಬರುತ್ತವೆ. ಬಸ್ಕಿ, ಬೆತ್ತ, ಬೆಂಚು, ಕೊನೆಗೊಂದು ಕೃತಜ್ಞತೆ. ಇಲ್ಲಿಗೇ ನಿಲ್ಲಿಸಿದರೆ ಈ ಕೆಲಸದಿಂದ ಲಾಭವಿಲ್ಲ, ನಷ್ಟವೇ ಇದೆ. 'ಹೊಡೆದರೆ ಕಲಿಯುತ್ತಾರೆ' ಎಂಬ ನಂಬಿಕೆಗೆ ಕಾಲೇಜೇ ಸೀಲು ಒತ್ತಿ ಕಳಿಸಿದಂತೆ. ಮಕ್ಕಳಿಗೆ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ ಎಂದು ಅವಳಿಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಬರೆದು ಮಾರ್ಕ್ಸೂ ತೆಗೆದಿದ್ದಳು. ಕಾನೂನು ತಲೆಯಲ್ಲಿತ್ತು, ಬೆಂಚು ಮೈಯಲ್ಲಿತ್ತು.

ಹಾಗಾಗಿ ಕಥೆ ಹೇಳಿದ ಮೇಲೆ ಗುಂಪಿನವರು ಪ್ರಶ್ನೆ ಕೇಳಬೇಕು. ತಪ್ಪು ಹುಡುಕುವ ಪ್ರಶ್ನೆಗಳಲ್ಲ, ಬರೀ ವಿವರ ಕೇಳುವಂಥವು. ಅವತ್ತು ಬೆಂಚಿನ ಮೇಲೆ ಇನ್ನೂ ಯಾರಾದರೂ ನಿಂತಿದ್ದರಾ? ಅವರು ಈಗ ಏನು ಮಾಡ್ತಿದ್ದಾರೆ? ನಾಲ್ಕರಲ್ಲಿ ಒಂದು ಅಂತ ನಿನಗೆ ಯಾಕನ್ನಿಸಿತು? ಬೆಂಚಿನಿಂದ ಇಳಿಯುವಾಗ ಸರಿ ಉತ್ತರ ಗೊತ್ತಾಗಿತ್ತಾ?

ಕೊನೆಯ ಪ್ರಶ್ನೆಗೆ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ "ಇಲ್ಲ" ಎಂದಳು.

ಮತ್ತೆ ಯಾವಾಗ ಗೊತ್ತಾಯಿತು? ಮುಂದಿನ ವರ್ಷ, ಮನೆಯಲ್ಲಿ. ಅಜ್ಜನ ಹೊಲ ಹನ್ನೆರಡು ಎಕರೆ. ದೊಡ್ಡಪ್ಪ, ಅಪ್ಪ, ಚಿಕ್ಕಪ್ಪ ಮೂವರಿಗೂ ಮೂರು ಪಾಲು, ತಲಾ ನಾಲ್ಕೆಕರೆ ಎಂದು ಮಾತಾಗಿತ್ತು. ಅಷ್ಟರಲ್ಲಿ ಅತ್ತೆ ತನ್ನ ಪಾಲು ಕೇಳಿದಳು. ಮೂರು ಹೋಗಿ ನಾಲ್ಕು ಪಾಲಾಯಿತು. ತಲಾ ಮೂರೆಕರೆ. ಅಪ್ಪ ಅರ್ಧ ಊಟಕ್ಕೇ ಎದ್ದು ಹೋದ ರಾತ್ರಿ ಅವಳಿಗೆ ಪಟ್ಟನೆ ಹೊಳೆದಿತ್ತು: ಪಾಲು ಜಾಸ್ತಿಯಾದರೆ ಪ್ರತಿ ಪಾಲೂ ಸಣ್ಣದಾಗುತ್ತೆ! ಕೆಳಗಿನ ಅಂಕಿ ದೊಡ್ಡದಾದರೆ ಬೆಲೆ ಕಡಿಮೆ!

ಲೆಕ್ಕ ಕಲಿಸಿದ್ದು ಹೊಲದ ಪಾಲು. ಕ್ರೆಡಿಟ್ ಮಾತ್ರ ಇಷ್ಟು ವರ್ಷ ಬೆಂಚಿಗೆ ಹೋಗಿತ್ತು.

ಇನ್ನೊಂದು ವಿವರವೂ ಹೊರಗೆ ಬಂತು. ಅವತ್ತು ಬೆಂಚಿನ ಮೇಲೆ ಅವಳ ಪಕ್ಕ ಇನ್ನೊಬ್ಬ ಹುಡುಗ ನಿಂತಿದ್ದ. ಅವನು ಏಳನೇ ಕ್ಲಾಸು ಮುಗಿಸಲಿಲ್ಲ. ಶಿಕ್ಷೆಯಿಂದಲೇ ಬಿಟ್ಟನೋ, ಮನೆ ಕಷ್ಟಕ್ಕೆ ಬಿಟ್ಟನೋ ಅವಳಿಗೆ ತಿಳಿಯದು. ಆದರೆ 'ಆ ಬೆಂಚು ನನ್ನನ್ನು ಉದ್ಧಾರ ಮಾಡಿತು' ಎನ್ನುವ ಕಥೆಯನ್ನು ಹೇಳಲು ಉಳಿದವರು ಯಾರು ನೋಡಿ. ಉದ್ಧಾರ ಆದವರಷ್ಟೇ. ಬಿಟ್ಟುಹೋದವರು ಬಿ.ಇಡಿ. ಕ್ಲಾಸಿಗೆ ಬಂದು ತಮ್ಮ ಕಥೆ ಓದುವುದಿಲ್ಲ.

ಇಲ್ಲಿಂದ ಪಾಠಕ್ಕೆ ದಾಟುವುದು ಹೇಗೆ?

ಈಗ ಗಣಿತ ಬೋಧನೆಯ ಪುಸ್ತಕ ತೆಗೆಯುವ ಹೊತ್ತು. ಭಿನ್ನರಾಶಿ ಕಲಿಯುವ ಮಕ್ಕಳು ಎಣಿಕೆಯ ಸಂಖ್ಯೆಗಳ ನಿಯಮವನ್ನೇ ಅಲ್ಲಿಗೂ ಹೊತ್ತು ತರುತ್ತಾರೆ. ಮೂರಕ್ಕಿಂತ ನಾಲ್ಕು ದೊಡ್ಡದು, ಹಾಗಾದರೆ ಮೂರರಲ್ಲಿ ಒಂದಕ್ಕಿಂತ ನಾಲ್ಕರಲ್ಲಿ ಒಂದೂ ದೊಡ್ಡದು ಎನ್ನುತ್ತಾರೆ. ಬೇರೆ ಬೇರೆ ದೇಶಗಳ ಮಕ್ಕಳಲ್ಲಿ ಸಂಶೋಧಕರು ಈ ತಪ್ಪನ್ನು ಕಂಡಿದ್ದಾರೆ. ಅದು ದಡ್ಡತನದ ಗುರುತಲ್ಲ. ಮಗು ತನಗೆ ಗೊತ್ತಿದ್ದ ಒಂದು ನಿಯಮವನ್ನು ಅದು ನಡೆಯದ ಜಾಗದಲ್ಲಿ ಬಳಸಿದೆ, ಅಷ್ಟೇ.

ಇದೇ ವಿಷಯವನ್ನು ಲೆಕ್ಚರಿನಲ್ಲಿ ಹತ್ತು ನಿಮಿಷದಲ್ಲಿ ಹೇಳಿಬಿಡಬಹುದು. ಹೇಳುತ್ತಾರೆ ಕೂಡ. ವ್ಯತ್ಯಾಸ ಏನೆಂದರೆ, ತನ್ನದೇ ಕಿವಿ ಹಿಂಡಿಸಿಕೊಂಡ ತಪ್ಪಿನ ಮೂಲಕ ಈ ಸಿದ್ಧಾಂತಕ್ಕೆ ಬಂದವರಿಗೆ ಅದು ಅಂಟಿಕೊಳ್ಳುತ್ತದೆ. ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್ 1986ರಲ್ಲಿ, ಮನುಷ್ಯ ಯೋಚಿಸುವುದಕ್ಕೆ ಎರಡು ದಾರಿ ಇವೆ ಎಂದ. ಒಂದು ತರ್ಕದ್ದು, ನಿಯಮದ್ದು. ಇನ್ನೊಂದು ಕಥೆಯದ್ದು. ಒಂದು ಇನ್ನೊಂದರ ಕೆಲಸ ಮಾಡಲಾರದು. ಕಾರಿನ ಮ್ಯಾನುಯಲ್ ಮತ್ತು ಘಾಟಿಯಲ್ಲಿ ಗಾಡಿ ಓಡಿಸಿದ ಡ್ರೈವರನ ಅನುಭವ ಇದ್ದ ಹಾಗೆ. ಯಾವುದೋ ಒಂದನ್ನು ಬಿಸಾಕಿ ಎಂದರೆ ಆಗುಂಬೆ ಇಳಿಯುವುದು ಕಷ್ಟ.

ಬೆಂಚಿನ ಕಥೆಯ ಹುಡುಗಿ ಆಮೇಲೆ ಶಾಲೆಯೊಂದಕ್ಕೆ ಇಂಟರ್ನ್‌ಶಿಪ್ಪಿಗೆ ಹೋದಳು. ಅದೇ ಪ್ರಶ್ನೆ ಕೇಳಿದಳು, ಅದೇ ತಪ್ಪು ಉತ್ತರ ಬಂತು. "ಯಾಕಪ್ಪ ಹಾಗನ್ನಿಸ್ತು, ಹೇಳು ನೋಡೋಣ" ಎಂದಳು. ಒಂದು ಚಾಕ್ ತೆಗೆದು ನೆಲದ ಮೇಲೆ ಹೊಲ ಬರೆದು ಪಾಲು ಮಾಡಿಸಿದಳು. ಬಂದು ಮತ್ತೆ ಬರೆದಳು. ಎರಡನೇ ಸಲ ಬರೆದದ್ದರಲ್ಲಿ 'ಚಿರಋಣಿ' ಇರಲಿಲ್ಲ. ಮೇಷ್ಟ್ರ ಮೇಲೆ ಸಿಟ್ಟೂ ಇರಲಿಲ್ಲ. "ಆ ಕ್ಲಾಸಿನಲ್ಲಿ 62 ಮಕ್ಕಳಿದ್ದೆವು, ಅವರೊಬ್ಬರೇ ಇದ್ದರು" ಎಂಬ ಸಾಲೊಂದು ಹೊಸದಾಗಿ ಸೇರಿತ್ತು. ಚೌಕಿಯ ಒಳಗೆ ಮೊದಲ ಸಲ ಇಣುಕಿದ್ದಳು.

ಒಟ್ಟು ಕ್ರಮ ಇದೇ. ಹೇಳು, ಕೇಳಿಸಿಕೋ, ವಿವರ ಕೆದಕು, ಓದಿದ್ದರ ಪಕ್ಕ ಇಟ್ಟು ನೋಡು, ಕ್ಲಾಸಿನಲ್ಲಿ ಮಾಡಿ ನೋಡು, ಮತ್ತೆ ಬರಿ. ಮೊದಲನೆಯದಕ್ಕೆ ನಿಲ್ಲಿಸುವ ಕಾಲೇಜುಗಳೇ ಜಾಸ್ತಿ ಎನ್ನುವುದು ನನ್ನ ಅನುಭವ.

ಎಲ್ಲವನ್ನೂ ಹೇಳಲೇಬೇಕಾ?

ಬೇಡ. ಇದನ್ನು ಮೊದಲ ದಿನವೇ ಬಾಯಿಬಿಟ್ಟು ಹೇಳಬೇಕು.

ಮೇಲಿನ ಕಥೆಯಲ್ಲೇ ನೋಡಿ. ಲೆಕ್ಕಕ್ಕೆ ಬೇಕಾದದ್ದು ಹನ್ನೆರಡು ಎಕರೆ ಮತ್ತು ಪಾಲು. ಆದರೆ ಅದರ ಜೊತೆ ಅತ್ತೆಯ ವ್ಯಾಜ್ಯ, ಅಪ್ಪನ ಸಿಟ್ಟು ಎಲ್ಲ ಬಂದವು. ಅತ್ತೆ ಆ ಕ್ಲಾಸಿನಲ್ಲಿಲ್ಲ, ತನ್ನ ವಿಷಯ ಹೇಳಬಹುದಾ ಎಂದು ಅವಳನ್ನು ಯಾರೂ ಕೇಳಿಲ್ಲ. ಕಥೆ ನಮ್ಮದಾದರೂ ಅದರೊಳಗಿನ ಜನ ನಮ್ಮವರಷ್ಟೇ, ನಮ್ಮ ಸ್ವತ್ತಲ್ಲ. ಕೊನೆಗೆ ರೆಕಾರ್ಡಿಗೆ ಹೋಗಿದ್ದು 'ಒಂದು ಹೊಲ, ನಾಲ್ವರು ವಾರಸುದಾರರು' ಎಂದು ಮಾತ್ರ.

ಜಾತಿಯ ವಿಷಯ ಬಂದಾಗ ಇದು ಇನ್ನೂ ಸೂಕ್ಷ್ಮ. ಶಾಲೆಯಲ್ಲಿ ಬೇರೆ ಕೂರಿಸಿದ್ದು, ನೀರಿನ ಲೋಟ ಮುಟ್ಟಬೇಡ ಎಂದಿದ್ದು ಎಷ್ಟೋ ಜನರ ನೆನಪಿನಲ್ಲಿದೆ. ಕನ್ನಡದ ದಲಿತ ಆತ್ಮಕಥೆಗಳಲ್ಲಿ ಶಾಲೆಯ ಪುಟಗಳು ಯಾಕೆ ಅಷ್ಟು ಉರಿಯುತ್ತವೆ ಎಂದು ಓದಿದವರಿಗೆ ಗೊತ್ತು. ಅಂಥ ಒಂದು ಕಥೆ ಕ್ಲಾಸಿನಲ್ಲಿ ಬಂದರೆ ಮುಂದಿನ ಸಾಲಿನಲ್ಲಿ ಆರಾಮಾಗಿ ಬೆಳೆದವರು ಬಹಳ ಕಲಿಯುತ್ತಾರೆ. ಹೇಳಿದವರಿಗೆ ಸಿಗುವುದೇನು? ಒಮ್ಮೆ ನಾನು "ನೀವು ಹೇಳಿ, ಎಲ್ಲರಿಗೂ ಉಪಯೋಗ ಆಗುತ್ತೆ" ಎಂದು ಒಬ್ಬರನ್ನು ಒತ್ತಾಯ ಮಾಡಿದೆ. ಅವರು ಹೇಳಿದರು. ಮರುದಿನ ಕ್ಲಾಸಿಗೆ ಬರಲಿಲ್ಲ. ಕೆಡಿಸಿದ್ದೇನೆ ಎಂದು ಮೊದಲೇ ಬರೆದೆನಲ್ಲ, ಅದು ಇದು. ಇನ್ನೊಬ್ಬರ ಗಾಯ ನಮ್ಮ ಟೀಚಿಂಗ್ ಏಡ್ ಅಲ್ಲ. ಆಮೇಲಿನಿಂದ 'ಪಾಸ್', ಅಂದರೆ 'ನಾನು ಹೇಳುವುದಿಲ್ಲ' ಎನ್ನುವ ಹಕ್ಕು ಎಲ್ಲರಿಗೂ ಇಟ್ಟೆ, ಕಾರಣ ಕೊಡುವ ಹಂಗಿಲ್ಲದೆ.

ಮಾರ್ಕ್ಸಿನ ತೊಂದರೆ

ಕಥೆಗೆ ಅಂಕ ಇದೆ ಎಂದ ತಕ್ಷಣ ಕಥೆ ಬದಲಾಗುತ್ತದೆ. ಕಣ್ಣೀರು ಜಾಸ್ತಿ ಇದ್ದರೆ ಹತ್ತಕ್ಕೆ ಒಂಬತ್ತು ಎಂಬ ಸುದ್ದಿ ಹಬ್ಬುತ್ತದೆ. ಸೀನಿಯರ್ ರೆಕಾರ್ಡು ಇಟ್ಟುಕೊಂಡು 'ನನ್ನ ಬಾಲ್ಯ' ಕಾಪಿ ಮಾಡಿದವರೂ ಉಂಟು! ಇಬ್ಬರು ಗೆಳತಿಯರ ಅಜ್ಜಿ ಒಂದೇ ದಿನ, ಒಂದೇ ವಾಕ್ಯದಲ್ಲಿ ತೀರಿಕೊಂಡಿದ್ದನ್ನು ನಾನೇ ಓದಿದ್ದೇನೆ.

ಕೆನಡಾದ ಜೀನ್ ಕ್ಲಾಂಡಿನಿನ್ ಮತ್ತು ಮೈಕೆಲ್ ಕಾನೆಲಿ ಶಿಕ್ಷಕರ ಕಥೆಗಳನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದವರು. 1990ರ ದಶಕದಲ್ಲಿ ಅವರು ಒಂದು ಒಳ್ಳೆಯ ವ್ಯತ್ಯಾಸ ಗುರುತಿಸಿದರು. ಬಾಗಿಲು ಹಾಕಿದ ತರಗತಿಯೊಳಗೆ ಶಿಕ್ಷಕರು ಬದುಕುವುದು ಒಂದು ಕಥೆ, ಅದನ್ನು ನಂಬಿಕೆಯವರ ಹತ್ತಿರ ಮಾತ್ರ ಹೇಳುತ್ತಾರೆ. ಮೇಲಿನವರು ಕೇಳಿದಾಗ ಹೇಳುವುದು ಇನ್ನೊಂದು, ಎಲ್ಲ ಸರಿಯಾಗಿದೆ ಎಂದು ತೋರಿಸುವ ಹೊದಿಕೆಯ ಕಥೆ. ನಮ್ಮ ಕಡೆ ಅಕ್ಕಪಕ್ಕದ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳಲ್ಲಿ ಕೂತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಭೆಯಲ್ಲಿ ಮೈಕಿನ ಮುಂದೆ, "ನಮ್ಮಲ್ಲಿ ಎಲ್ಲ ಮಕ್ಕಳೂ ಓದುತ್ತಾರೆ" ಎನ್ನುತ್ತಾರೆ. ಚಹಾ ಕುಡಿಯುವಾಗ ಪಕ್ಕದ ಶಾಲೆಯವರ ಹತ್ತಿರ, "ನಮ್ಮಲ್ಲಿ ಐದನೇ ಕ್ಲಾಸಿನ ಇಬ್ಬರಿಗೆ ಒತ್ತಕ್ಷರ ಬರ್ತಾ ಇಲ್ಲ, ಏನ್ ಮಾಡ್ತೀರಿ ನೀವು?" ಎಂಬ ಮಾತು ಬರುತ್ತದೆ. ಕಲಿಕೆ ನಡೆಯುವುದು ಚಹಾದ ಹತ್ತಿರ.

ಹಾಗಾದರೆ ಅಂಕ ಬೇಡವೇ? ನಡುವಿನ ದಾರಿ ಇದೆ. ಏನು ನಡೆಯಿತು ಎನ್ನುವುದಕ್ಕೆ ಅಂಕ ಕೊಡದೆ, ಅದರ ಮೇಲೆ ಎಂಥ ಪ್ರಶ್ನೆ ಕೇಳಿಕೊಂಡರು, ಮೊದಲ ಬರಹಕ್ಕೂ ಎರಡನೆಯದಕ್ಕೂ ಏನು ಬದಲಾಯಿತು ಎನ್ನುವುದನ್ನು ನೋಡುವುದು. ಸೀನಿಯರ್ ರೆಕಾರ್ಡಿನಿಂದ ಇದನ್ನು ಕಾಪಿ ಮಾಡುವುದೂ ಕಷ್ಟ.

ಇನ್ನೊಂದು ಮಿತಿ ಬಗ್ಗೆ ಒಂದೇ ಮಾತು. ಒಬ್ಬರಿಗೆ ಆದದ್ದು ಎಲ್ಲರಿಗೂ ಆಗುತ್ತದೆ ಎಂದೇನಿಲ್ಲ. ಕಥೆ ಪ್ರಶ್ನೆ ಹುಟ್ಟಿಸುತ್ತದೆ, ಉತ್ತರಕ್ಕೆ ಇನ್ನಷ್ಟು ಮಕ್ಕಳನ್ನು ನೋಡಬೇಕು, ಓದಬೇಕು.

'ನನ್ನ ಹತ್ರ ಕಥೆನೇ ಇಲ್ಲ' ಎನ್ನುವವರಿಗೆ

ಪಕ್ಕದ ಮನೆಯ ಹುಡುಗಿಗೆ ನಾನು ಹೇಳಿದ್ದು ಇಷ್ಟು. ದೊಡ್ಡ ಘಟನೆ ಹುಡುಕಬೇಡ. ನಿನ್ನ ಏಳನೇ ಕ್ಲಾಸಿನ ಕೋಣೆಯ ನಕ್ಷೆ ಬರಿ. ಬಾಗಿಲು ಎಲ್ಲಿ, ಬೋರ್ಡು ಎಲ್ಲಿ, ನೀನು ಎಲ್ಲಿ ಕೂರ್ತಿದ್ದೆ, ಅಲ್ಲಿಂದ ಏನು ಕಾಣ್ತಿತ್ತು, ಏನು ಕಾಣ್ತಿರಲಿಲ್ಲ ಅಂತ ಬರೆದುಕೊಂಡು ಹೋಗು.

ನಿನ್ನೆ ರಾತ್ರಿ ಫೋನ್ ಮಾಡಿದ್ದಳು. ಒಂದೂವರೆ ಪುಟ ಆಗಿದೆಯಂತೆ. ಮೂರನೇ ಬೆಂಚು, ಗೋಡೆ ಪಕ್ಕ. ಬೆಳಗಿನ ಎರಡು ಪೀರಿಯಡ್ ಎದುರು ಕಿಟಕಿಯ ಬಿಸಿಲು ಬೋರ್ಡಿಗೆ ಬಿದ್ದು ಎಡಗಡೆ ಅರ್ಧ ಬರೀ ಹೊಳೆಯುತ್ತಿತ್ತು. ಅಲ್ಲಿ ಬರೆದದ್ದನ್ನು ಇಡೀ ವರ್ಷ ಪಕ್ಕದವಳ ನೋಟ್ಸ್ ನೋಡಿ ಬರೆದುಕೊಂಡಿದ್ದಳು. ಆ ಎರಡು ಪೀರಿಯಡ್ ಯಾವುದು ಅಂತ ಕೇಳಿದೆ. ಇಂಗ್ಲಿಷು, ವಿಜ್ಞಾನ. "ನನಗೆ ಎರಡೂ ಬರಲ್ಲ ಅಂತ ಮನೇಲಿ ಎಲ್ಲರೂ ಅಂತಿದ್ರು ಅಂಕಲ್" ಎಂದಳು.

ಮುಂದಿನ ವಾರ ಪಾಠ ಮಾಡಲು ಶಾಲೆಗೆ ಹೋದಾಗ ಮೊದಲು ಹೋಗಿ ಅಲ್ಲಿನ ಅಂಥದೇ ಬೆಂಚಿನಲ್ಲಿ ಕೂತು ಬೋರ್ಡು ನೋಡುತ್ತಾಳಂತೆ. "ಕಿಟಕಿಗೆ ಪರದೆ ಇಲ್ಲದಿದ್ರೆ ಏನ್ ಮಾಡ್ಲಿ?"

ಬಲಗಡೆಯಿಂದ ಬರೆಯೋಕೆ ಶುರು ಮಾಡು ಅಂದೆ.